ಫಾರ್ಮ್ ಹೋದ ಹುಡುಗನಿಗೆ ಕಾಯುವವರು ಯಾರು?

ಮೊದಲು ಒಂದು ಸಣ್ಣ ಲೆಕ್ಕ. 2016ರ ನವೆಂಬರ್‌ನಿಂದ 2017ರ ಮಾರ್ಚ್‌ವರೆಗೆ ಕರುಣ್ ನಾಯರ್ ಭಾರತದ ಪರವಾಗಿ ಟೆಸ್ಟ್ ಪಂದ್ಯಗಳಲ್ಲಿ ಏಳು ಸಲ ಬ್ಯಾಟಿಂಗ್‌ಗೆ ಇಳಿದರು. ಮೊಹಾಲಿಯಲ್ಲಿ 4, ಮುಂಬೈಯಲ್ಲಿ 13, ಚೆನ್ನೈಯಲ್ಲಿ ಔಟಾಗದೆ 303, ಬೆಂಗಳೂರಿನಲ್ಲಿ 26 ಮತ್ತು ಸೊನ್ನೆ, ರಾಂಚಿಯಲ್ಲಿ 23, ಧರ್ಮಶಾಲಾದಲ್ಲಿ 5. ಕೂಡಿದರೆ 374 ರನ್, ಸರಾಸರಿ 62.33. ಚೆನ್ನೈಯ ಆಟವನ್ನು ಪಕ್ಕಕ್ಕಿಟ್ಟರೆ ಉಳಿದ ಆರು ಇನಿಂಗ್ಸ್‌ಗಳಲ್ಲಿ 71. ಧರ್ಮಶಾಲಾದಿಂದ ಹೊರಬಿದ್ದಾಗ ಅವರ ವಯಸ್ಸು 25. ಮುಂದಿನ ಟೆಸ್ಟ್ ಆಡಿದ್ದು 2025ರ ಜೂನ್‌ನಲ್ಲಿ, ಇಂಗ್ಲೆಂಡಿನ ಲೀಡ್ಸ್‌ನಲ್ಲಿ. ನಡುವೆ ಎಂಟು ವರ್ಷ.

ಹುಡುಗ ಫಾರ್ಮ್ ಕಳೆದುಕೊಂಡ ಎಂದು ಆಗ ಎಲ್ಲರೂ ಅಂದರು. ಅವರ ಫಾರ್ಮ್ ಯಾವುದಾಗಿತ್ತು ಎಂದು ಮಾತ್ರ ಯಾರೂ ಕೇಳಲಿಲ್ಲ. ಆ 303 ಅವರ ಫಾರ್ಮೋ, ಆ 71 ಅವರ ಫಾರ್ಮೋ? ಏಳು ಇನಿಂಗ್ಸ್‌ಗಳಿಂದ ಇದನ್ನು ತೀರ್ಮಾನಿಸಲು ಬರುವುದಿಲ್ಲ. ತ್ರಿಶತಕ ಹೊಡೆದ ಮೇಲಿನ ಮೊದಲ ಟೆಸ್ಟ್‌ನಲ್ಲಂತೂ, ಹೈದರಾಬಾದಿನಲ್ಲಿ ಬಾಂಗ್ಲಾದೇಶದ ವಿರುದ್ಧ, ಅವರಿಗೆ ಜಾಗವೇ ಇರಲಿಲ್ಲ. ಗಾಯಗೊಂಡಿದ್ದ ಅಜಿಂಕ್ಯ ರಹಾನೆ ಗುಣವಾಗಿ ಬಂದಿದ್ದರು, ರಹಾನೆಯ ಜಾಗ ರಹಾನೆಗೇ ಮರಳಿತು. ಆಮೇಲೆ ಆಸ್ಟ್ರೇಲಿಯಾದ ವಿರುದ್ಧ ನಾಲ್ಕು ಇನಿಂಗ್ಸ್ ಸಿಕ್ಕವು. ತೀರ್ಪು ಬಂದದ್ದು ಆ ನಾಲ್ಕರ ಮೇಲೆ.

ಕರುಣ್ ಕಥೆ ಹೇಳುವುದಷ್ಟೇ ನನ್ನ ಉದ್ದೇಶವಲ್ಲ. ಮಲಪ್ರಭೆ ಗುಡ್ಡ ಸೀಳಿಕೊಂಡು ಹಾಯುವ ನವಿಲುತೀರ್ಥದ ಸುತ್ತಮುತ್ತ, ಅಂದರೆ ಸವದತ್ತಿ, ಬೈಲಹೊಂಗಲ, ರಾಮದುರ್ಗ, ಕಿತ್ತೂರಿನ ಹಳ್ಳಿಗಳಲ್ಲಿ ಇದೇ ತೀರ್ಪು ಪ್ರತಿ ವರ್ಷವೂ ಬೀಳುತ್ತದೆ, ಪತ್ರಿಕೆಯಲ್ಲಿ ಬರುವುದಿಲ್ಲ ಅಷ್ಟೇ. ಈ ಸೀಮೆಯಲ್ಲಿ ಕ್ರಿಕೆಟ್ಟನ್ನು ಟಿವಿಯಲ್ಲಿ ನೋಡುತ್ತಾರೆ, ಬೇಸಿಗೆಯಲ್ಲಿ ಟೆನಿಸ್ ಬಾಲ್ ಟೂರ್ನಿಯನ್ನೂ ಆಡುತ್ತಾರೆ. ಆದರೆ ಮೈಯಲ್ಲಿ ಹುಟ್ಟಿದ್ದು ಕುಸ್ತಿ, ಕಬಡ್ಡಿ, ಕೊಕ್ಕೊ. ಕಿತ್ತೂರು ಉತ್ಸವವಿರಲಿ, ಸಂಗೊಳ್ಳಿ ಉತ್ಸವವಿರಲಿ, ಕುಸ್ತಿ ಇಲ್ಲದೆ ಮುಗಿಯುವುದಿಲ್ಲ. ಊರ ಜಾತ್ರೆಗಳ ಮಾತಂತೂ ಬೇಡ.

ಒಬ್ಬ ಹುಡುಗನಿದ್ದಾನೆ ಅಂತ ಇಟ್ಟುಕೊಳ್ಳಿ. ಮುನವಳ್ಳಿ ಕಡೆಯ ಒಂದು ಹಳ್ಳಿಯವನು, ವಯಸ್ಸು ಹದಿನೇಳು. ಹದಿನಾಲ್ಕರಲ್ಲಿ ಕುಸ್ತಿಯಲ್ಲಿ ತಾಲ್ಲೂಕಿಗೆ ಮೊದಲಿಗ, ಹದಿನೈದರಲ್ಲಿ ಜಾತ್ರೆಯ ಅಖಾಡದಲ್ಲಿ ಒಂದರ ಮೇಲೊಂದು ಜೋಡಿ ಚಿತ್ ಮಾಡಿದವನು. ಊರಲ್ಲಿ ಅವನ ಫೋಟೊ ಹಾಕಿ ಬ್ಯಾನರ್ ಕಟ್ಟಿದ್ದಾರೆ. ಈಗ ಒಂದು ವರ್ಷದಿಂದ ಸೋಲುತ್ತಿದ್ದಾನೆ, ಕಾರಣ ಯಾರಿಗೂ ಗೊತ್ತಿಲ್ಲ. ಅವ್ವ ದೃಷ್ಟಿ ತೆಗೆದು ಮೆಣಸಿನಕಾಯಿ ಒಲೆಗೆ ಹಾಕಿದ್ದಾಳೆ, ಯಲ್ಲಮ್ಮನ ಗುಡ್ಡಕ್ಕೂ ಹೋಗಿ ಬಂದದ್ದಾಗಿದೆ. ಅಪ್ಪ ತಾಲೀಮಿನ ಬಾಗಿಲಲ್ಲಿ ನಿಂತು ಕೇಳುತ್ತಾನೆ: ‘ವಸ್ತಾದರ, ನಮ್ಮ ಹುಡುಗಗ ಏನಾಗೇತ್ರಿ?’ ಕುಸ್ತಿ ಕಲಿಸುವ ವಸ್ತಾದರ ಉತ್ತರ: ‘ಏನೂ ಆಗಿಲ್ಲ ಕಾಕಾ, ಮನಸ ಇಡವಲ್ಲ. ನಾಕ ಬೈದ್ರ ಸರಿ ಹೋಗ್ತಾನ.’

ಈ ‘ನಾಕ ಬೈದ್ರ’ ಎಂಬುದರಲ್ಲಿ ಒಂದು ಹಳೆಯ ಮೋಸವಿದೆ. ಇಸ್ರೇಲಿನ ಮನಃಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಅದನ್ನು ಕಂಡುಕೊಂಡದ್ದು ವಾಯುಪಡೆಯ ತರಬೇತುದಾರರ ನಡುವೆ. ಚೆನ್ನಾಗಿ ವಿಮಾನ ಹಾರಿಸಿದವನನ್ನು ಹೊಗಳಿದರೆ ಮುಂದಿನ ಸಲ ಕೆಡಿಸುತ್ತಾನೆ, ಕೆಟ್ಟದಾಗಿ ಹಾರಿಸಿದವನನ್ನು ಬೈದರೆ ಮುಂದಿನ ಸಲ ಸುಧಾರಿಸುತ್ತಾನೆ, ಹಾಗಾಗಿ ಬೈಯುವುದೇ ಮೇಲು ಎಂದು ಅವರು ನಂಬಿದ್ದರು. ಕಂಡದ್ದು ನಿಜವೇ, ತಪ್ಪಿದ್ದು ಕಾರಣದಲ್ಲಿ. ಯಾವನೇ ಆಗಲಿ ತನ್ನ ಮಟ್ಟಕ್ಕಿಂತ ತೀರ ಮೇಲೆ ಹೋದ ದಿನದ ಮರುದಿನ ಸ್ವಲ್ಪ ಕೆಳಗೆ ಬರುತ್ತಾನೆ, ತೀರ ಕೆಳಗೆ ಬಿದ್ದ ದಿನದ ಮರುದಿನ ಸ್ವಲ್ಪ ಮೇಲೇಳುತ್ತಾನೆ. ಬೈದರೂ ಅಷ್ಟೇ, ಬೈಯದಿದ್ದರೂ ಅಷ್ಟೇ. ಹತ್ತೊಂಬತ್ತನೇ ಶತಮಾನದಲ್ಲೇ ಫ್ರಾನ್ಸಿಸ್ ಗಾಲ್ಟನ್ ಹೆತ್ತವರ ಮತ್ತು ಮಕ್ಕಳ ಎತ್ತರ ಹೋಲಿಸುತ್ತಾ ಈ ಸರಾಸರಿಯ ಕಡೆಗಿನ ಜಗ್ಗಾಟವನ್ನು ಗುರುತಿಸಿದ್ದ. ಅಂದರೆ ನಾವು ಫಾರ್ಮ್ ಎಂದು ಕರೆಯುವುದರಲ್ಲಿ ಒಂದು ಪಾಲು ಬರೀ ಅದೃಷ್ಟ. 303ರ ನಂತರದ ಆಟ 303ರಂತೆ ಇರುವ ಸಾಧ್ಯತೆ ತೀರ ಕಡಿಮೆಯಿತ್ತು.

ಆದರೆ ಎಲ್ಲವನ್ನೂ ಲೆಕ್ಕಕ್ಕೆ ಬಿಟ್ಟು ಕೈ ತೊಳೆದುಕೊಳ್ಳಲು ಬರುವುದಿಲ್ಲ. ನಿಜಕ್ಕೂ ಆಟ ಕೆಡುವುದಿದೆ. ಅದರ ಒಂದು ದಾರಿ ತಲೆಯೊಳಗಿನದು. ಪಳಗಿದ ಆಟಗಾರನ ಕೈಕಾಲು ತಮ್ಮಷ್ಟಕ್ಕೆ ಕೆಲಸ ಮಾಡುತ್ತವೆ. ಎದುರಾಳಿಯ ತೋಳು ಇಷ್ಟು ಮೇಲೆದ್ದಿತು ಎನ್ನುವಾಗಲೇ ಕಾಲು ಹಿಡಿದಾಗಿರುತ್ತದೆ. ಎರಡು ಸಲ ಸೋತವನು ಈ ಕೆಲಸದ ಮೇಲೆ ಕಾವಲು ಕೂರುತ್ತಾನೆ. ಕಾಲು ಎಲ್ಲಿಡಲಿ, ಈಗ ಹಾಕಲೋ ಆಮೇಲೋ ಎಂದು ಒಳಗೇ ಕೇಳಿಕೊಳ್ಳುತ್ತಾನೆ. ಅಮೆರಿಕದ ಮನಃಶಾಸ್ತ್ರಜ್ಞರಾದ ಸಿಯಾನ್ ಬೈಲಾಕ್ ಮತ್ತು ಥಾಮಸ್ ಕಾರ್ 2001ರಲ್ಲಿ ಗಾಲ್ಫ್ ಆಟದ ಪ್ರಯೋಗ ನಡೆಸಿ ಒತ್ತಡದಲ್ಲಿ ಆಟ ಕೆಡುವ ಈ ದಾರಿಯನ್ನೇ ತೋರಿಸಿದರು. ಕಲಿತ ಕೆಲಸವನ್ನು ಮೆಟ್ಟಿಲು ಮೆಟ್ಟಿಲಾಗಿ ಬಿಡಿಸಿ ನೋಡಹೊರಟರೆ ಹೊಸಬರಿಗಿಂತ ಪಳಗಿದವರಿಗೇ ಹೆಚ್ಚು ತೊಂದರೆ. ಅಂಥವನಿಗೆ ‘ಲಕ್ಷ್ಯ ಕೊಡೋ’ ಎಂದು ಕೂಗುವುದು ಅವನ ಕಾಯಿಲೆಯನ್ನೇ ಅವನಿಗೆ ಔಷಧ ಎಂದು ಕುಡಿಸಿದ ಹಾಗೆ.

ಇನ್ನೊಂದು ದಾರಿ ಮೈಯದು. ನಮ್ಮ ಕಡೆ ಹೆಚ್ಚಿನ ಮಕ್ಕಳು ಜಾರುವುದು ಇಲ್ಲಿಯೇ, ಯಾರೂ ನೋಡದಿರುವುದೂ ಇದನ್ನೇ. ಹದಿನಾಲ್ಕರ ಒಳಗಿನ ಸ್ಪರ್ಧೆಗಳಿಗೆ ಹೋಗಿ ಸಾಲಾಗಿ ನಿಂತ ಹುಡುಗರನ್ನು ನೋಡಿ: ಒಬ್ಬನಿಗೆ ಮೀಸೆ ಮೂಡಿದೆ, ಪಕ್ಕದವನ ಹೆಗಲು ಅವನ ಎದೆಗೆ ಬಂದಿಲ್ಲ. ಇಬ್ಬರ ಜನ್ಮ ದಿನಾಂಕವೂ ಒಂದೇ ವರ್ಷದ್ದಿರಬಹುದು, ವಯಸ್ಸು ಕದ್ದದ್ದೇ ಆಗಬೇಕೆಂದಿಲ್ಲ. ಕೆಲವರಿಗೆ ಪ್ರಾಯ ಬೇಗ ಬರುತ್ತದೆ, ಕೆಲವರಿಗೆ ತಡ. ಬೇಗ ಬೆಳೆದವನು ಮೈಭಾರದಿಂದಲೇ ಗೆಲ್ಲುತ್ತಾನೆ, ಪಟ್ಟು ಕಲಿಯುವ ಗರಜು ಅವನಿಗೆ ಬೀಳುವುದೇ ಇಲ್ಲ. ಹದಿನೇಳಕ್ಕೆ ಬರುವಷ್ಟರಲ್ಲಿ ಉಳಿದವರೂ ಬೆಳೆದಿರುತ್ತಾರೆ. ಇವನು ಕಳೆದುಕೊಂಡದ್ದು ಏನೂ ಇಲ್ಲ, ಉಳಿದವರು ಬಂದು ಕೂಡಿಕೊಂಡರು ಅಷ್ಟೆ. ಊರು ಮಾತ್ರ ‘ಹುಡುಗ ಕೆಟ್ಟ, ಮೊಬೈಲ್ ಹಿಡದಾನ’ ಎನ್ನುತ್ತದೆ. ಮೊಬೈಲ್ ಹಿಡಿದಿರಬಹುದು, ಅದು ಬೇರೆ ಮಾತು.

ಮಣ್ಣಿಂದ ಮ್ಯಾಟಿಗೆ ದಾಟುವಾಗಲೂ ಇದೇ ಆಗುತ್ತದೆ. ಅರಿಸಿನ, ಎಣ್ಣೆ, ಮಜ್ಜಿಗೆ, ನಿಂಬೆರಸ ಹಾಕಿ ಹದ ಮಾಡಿದ ಕೆಂಪು ಮಣ್ಣಿನಲ್ಲಿ ಆಟ ನಿಧಾನ. ಬೆನ್ನು ನೆಲಕ್ಕೆ ಹತ್ತುವವರೆಗೆ ಕಾಯಬಹುದು, ದಮ್ ಇದ್ದವನು ಎದುರಾಳಿಯನ್ನು ದಣಿಸಿ ಗೆಲ್ಲಬಹುದು. ಮ್ಯಾಟ್ ಮೇಲೆ ಕೆಲವೇ ನಿಮಿಷದ ಎರಡು ಸುತ್ತು, ಸಫಲವಾದ ಪಟ್ಟುಗಳಿಗೆ ಅಂಕ, ಮೇಲಿಂದ ತೂಕದ ವಿಭಾಗ. ಮಣ್ಣಿನ ಹುಲಿ ಅಲ್ಲಿ ಮೊದಲ ವರ್ಷ ಸೋಲುವುದು ಸಹಜ. ಹೊಸ ಆಟ ಕಲಿಯುತ್ತಿರುವವನನ್ನು ನಾವು ಹಳೆಯ ಆಟ ಮರೆತವನೆಂದು ತಿಳಿಯುತ್ತೇವೆ. ತೂಕ ಇಳಿಸುವ ಸಂಕಟವೂ ಅಲ್ಲಿಂದಲೇ ಶುರು. ನೀರು ಬಿಟ್ಟು, ಬೆವರು ಸುರಿಸಿ ಕಿಲೋಗಟ್ಟಲೆ ಇಳಿಸುವುದನ್ನು ಹದಿನಾರರ ಮೈ ಸುಮ್ಮನೆ ತಡೆದುಕೊಳ್ಳುವುದಿಲ್ಲ. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ವಿನೇಶ್ ಫೋಗಟ್ ಫೈನಲ್ ಮುಟ್ಟಿಯೂ 100 ಗ್ರಾಂ ಹೆಚ್ಚಾಗಿದ್ದಕ್ಕೆ ಹೊರಗುಳಿದದ್ದನ್ನು ಇಡೀ ದೇಶ ನೋಡಿತು. ಅಷ್ಟೊಂದು ಸಿಬ್ಬಂದಿ ಜೊತೆಗಿದ್ದವರಿಗೇ ಆ ಗತಿಯಾದರೆ, ಮನೆಯ ತಕ್ಕಡಿ ನಂಬಿದ ಹುಡುಗನ ಪಾಡೇನು?

ಹುಡುಗಿಯರ ವಿಷಯ ಇನ್ನೂ ಬಿಗಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19 ವಯಸ್ಸಿನ ಹುಡುಗಿಯರಲ್ಲಿ ಶೇ 59 ಮಂದಿಗೆ ರಕ್ತಹೀನತೆ ಇತ್ತು. ಕೊಕ್ಕೊದಲ್ಲಿ ಬೆನ್ನಟ್ಟಿ ಓಡುವ ಹುಡುಗಿಗೆ ರಕ್ತದಲ್ಲಿ ಕಬ್ಬಿಣಾಂಶ ಕಡಿಮೆಯಾದರೆ ಮೊದಲು ಹೋಗುವುದೇ ದಮ್. ತರಬೇತಿಗೆ ತಕ್ಕಷ್ಟು ಅನ್ನ ಬೀಳದಿದ್ದರೆ ಮುಟ್ಟು ನಿಲ್ಲುತ್ತದೆ, ಮೂಳೆ ಸೊರಗುತ್ತದೆ, ಆಟ ಬೀಳುತ್ತದೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ವೈದ್ಯರು 2014ರಲ್ಲಿ ಇದಕ್ಕೊಂದು ಹೆಸರನ್ನೇ ಕೊಟ್ಟು, ಇದು ಹುಡುಗರಿಗೂ ಆಗುತ್ತದೆ ಎಂದರು. ನಮ್ಮ ಕಡೆ ಹುಡುಗಿಯ ದಮ್ ಹೋಯಿತೆಂದರೆ ‘ದೊಡ್ಡಾಕಿ ಆದ್ಲು, ಇನ್ನ ಆಟ ಸಾಕು’ ಎಂಬ ಮಾತು ಸಿದ್ಧವಾಗಿರುತ್ತದೆ. ಒಂದು ರಕ್ತ ಪರೀಕ್ಷೆಯಲ್ಲಿ ತಿಳಿಯಬಹುದಾಗಿದ್ದದ್ದು ಹೀಗೆ ಮದುವೆಯ ಮಾತಾಗಿ ಮುಗಿಯುತ್ತದೆ. ಹಾಗಾಗದೆ ಉಳಿದವರೂ ಇದ್ದಾರೆ. ನಮ್ಮ ಹೊಳೆಯದೇ ಹೆಸರಿನ ಮಲಪ್ರಭಾ ಜಾಧವ್ ಬೆಳಗಾವಿ ಹತ್ತಿರದ ತುರಮುರಿ ಗ್ರಾಮದವರು. ಜುಡೊ ಕಲಿತು, ಕುರಾಶ್ ಎಂಬ ಮಧ್ಯ ಏಷ್ಯಾದ ಕುಸ್ತಿಗೆ ಬಂದು, 2018ರ ಜಕಾರ್ತ ಏಷ್ಯನ್ ಕ್ರೀಡಾಕೂಟದಲ್ಲಿ 52 ಕಿಲೋ ವಿಭಾಗದ ಕಂಚು ಗೆದ್ದರು. ಒಂದು ಆಟದ ಕಸುವನ್ನು ಇನ್ನೊಂದು ಆಟಕ್ಕೆ ಒಯ್ಯುವುದೂ ಒಂದು ದಾರಿಯೇ.

ಹೀಗೆ ಕಾರಣ ಹಲವು. ಯಾವುದೆಂದು ಗೊತ್ತಾಗಬೇಕಾದರೆ ಒಂದೇ ಒಂದು ಸಾಮಾನು ಬೇಕು, ಸಮಯ. ನವಿಲುತೀರ್ಥದ ಆಣೆಕಟ್ಟಿನ ಜಲಾಶಯ ರೇಣುಕಾಸಾಗರದ ಸಾಮರ್ಥ್ಯ 37.73 ಟಿಎಂಸಿ ಅಡಿ. ಎಷ್ಟೋ ವರ್ಷ ಅದು ತುಂಬುವುದಿಲ್ಲ. ಆಗ ಆಣೆಕಟ್ಟು ಕೆಟ್ಟಿತು ಎಂದು ಯಾವ ರೈತನೂ ಹೇಳುವುದಿಲ್ಲ. ಹೊಳೆಯ ಮೇಲ್ಭಾಗದ ಕಣಕುಂಬಿ, ಖಾನಾಪುರದ ಕಡೆ ಮಳೆ ಹೇಗೆ ಎಂದು ಕೇಳುತ್ತಾನೆ, ಮುಂದಿನ ಮುಂಗಾರಿನವರೆಗೆ ಕಾಯುತ್ತಾನೆ. ಹೊಳೆಗೆ ತೋರಿಸುವ ಈ ತಾಳ್ಮೆ ಹದಿನೇಳರ ಹುಡುಗನಿಗೆ ಸಿಗುವುದಿಲ್ಲ.

ದೊಡ್ಡ ಹೆಸರಿದ್ದವರಿಗೆ ಸಮಯ ಸಿಗುತ್ತದೆ. 1997ರ ಮಧ್ಯದ ಹೊತ್ತಿಗೆ ಆಸ್ಟ್ರೇಲಿಯಾದ ನಾಯಕ ಮಾರ್ಕ್ ಟೇಲರ್ ಸತತ 21 ಟೆಸ್ಟ್ ಇನಿಂಗ್ಸ್‌ಗಳಲ್ಲಿ ಒಂದು ಅರ್ಧ ಶತಕವನ್ನೂ ಹೊಡೆದಿರಲಿಲ್ಲ. ಪತ್ರಿಕೆಗಳು ತಲೆ ಕೇಳಿದವು, ಮಂಡಳಿ ಕೊಡಲಿಲ್ಲ, ಎಜ್‌ಬಾಸ್ಟನ್‌ನಲ್ಲಿ 129 ಬಂತು. ವಿರಾಟ್ ಕೊಹ್ಲಿ 2019ರ ನವೆಂಬರ್‌ನಿಂದ 2022ರ ಸೆಪ್ಟೆಂಬರ್‌ವರೆಗೆ ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಒಂದು ಶತಕವನ್ನೂ ಕಾಣದೆ ಆಡಿದರು, ತಂಡದಲ್ಲೇ ಇದ್ದರು. ಇಬ್ಬರೂ ಆ ಸಮಯವನ್ನು ದುಡಿದುಕೊಂಡವರು, ತಕರಾರಿಲ್ಲ. ನಮ್ಮ ಜಿ.ಆರ್. ವಿಶ್ವನಾಥ್ ಹೆಸರಿಲ್ಲದಿದ್ದ ದಿನವೇ ಇನ್ನೊಂದು ಅವಕಾಶ ಪಡೆದರು: 1969ರಲ್ಲಿ ಕಾನ್ಪುರದಲ್ಲಿ ಮೊದಲ ಟೆಸ್ಟ್‌ನ ಮೊದಲ ಇನಿಂಗ್ಸ್‌ನಲ್ಲಿ ಸೊನ್ನೆ, ಎರಡನೆಯದರಲ್ಲಿ 137. ಟೆಸ್ಟ್ ಪಂದ್ಯಕ್ಕೆ ಎರಡನೇ ಇನಿಂಗ್ಸ್ ಎಂಬುದು ಇರದಿದ್ದರೆ ವಿಶಿಯ ಮೊದಲ ಅಂಕಿ ಬರೀ ಸೊನ್ನೆಯಾಗಿ ಉಳಿಯುತ್ತಿತ್ತು.

ಕರುಣ್‌ಗೆ ಆ ಭಾಗ್ಯ ಇರಲಿಲ್ಲ, ಆದರೂ ಅವರ ಕಥೆಯಲ್ಲಿ ನಾವು ಗಮನಿಸದ ಒಂದು ಅಂಶವಿದೆ. 2018ರಲ್ಲಿ ಇಂಗ್ಲೆಂಡಿಗೆ ಕರೆದುಕೊಂಡು ಹೋಗಿ ಒಂದು ಪಂದ್ಯವನ್ನೂ ಆಡಿಸಲಿಲ್ಲ. ಕೊನೆಯ ಟೆಸ್ಟ್‌ಗೆ ತಡವಾಗಿ ಬಂದ ಹನುಮ ವಿಹಾರಿಗೆ ಜಾಗ ಕೊಟ್ಟರು. 2022ರಲ್ಲಿ ಕರ್ನಾಟಕ ತಂಡದಿಂದಲೂ ಹೊರಬಿದ್ದರು. ಇದೇ ಕರ್ನಾಟಕಕ್ಕೆ 2015ರ ರಣಜಿ ಫೈನಲ್‌ನಲ್ಲಿ ತಮಿಳುನಾಡಿನ ವಿರುದ್ಧ 328 ರನ್ ಹೊಡೆದುಕೊಟ್ಟವರು ಅವರು. 2022ರ ಡಿಸೆಂಬರ್‌ನಲ್ಲಿ ಟ್ವಿಟರ್‌ನಲ್ಲಿ ಕ್ರಿಕೆಟ್ಟಿಗೇ ಒಂದು ಸಾಲು ಬರೆದು ಇನ್ನೊಂದು ಅವಕಾಶ ಬೇಡಿದರು. ಜನ ಇಂದಿಗೂ ಹಂಚಿಕೊಳ್ಳುವುದು ಆ ಸಾಲನ್ನು. ನನಗೆ ಮುಖ್ಯವಾಗಿ ಕಾಣುವುದು ಆಮೇಲಿನದು. ವಿದರ್ಭ ತಂಡ ಅವರನ್ನು ಸೇರಿಸಿಕೊಂಡಿತು, ಇಂಗ್ಲೆಂಡಿನ ನಾರ್ತಾಂಪ್ಟನ್‌ಶೈರ್ ಕೌಂಟಿ ಕರೆಯಿತು, ಮೈಸೂರು ವಾರಿಯರ್ಸ್ ಟಿ20 ತಂಡದ ನಾಯಕರಾಗಿಯೂ ಆಡಿದರು. ಅವರು ಮನೆಯಲ್ಲಿ ಕೂತು ಕಾಯಲಿಲ್ಲ, ಆಡುತ್ತಾ ಕಾದರು. ಸೋಲಲಿಕ್ಕೂ ಒಂದು ಮೈದಾನ ಇತ್ತು. 2024–25ರ ವಿಜಯ್ ಹಜಾರೆ ಟೂರ್ನಿಯಲ್ಲಿ ಎಂಟು ಇನಿಂಗ್ಸ್‌ಗಳಲ್ಲಿ 779 ರನ್, ಔಟಾದದ್ದು ಎರಡೇ ಸಲ. ಆ ವರ್ಷದ ರಣಜಿಯಲ್ಲಿ 863 ರನ್, ಕೇರಳದ ವಿರುದ್ಧದ ಫೈನಲ್‌ನಲ್ಲಿ 86 ಮತ್ತು 135, ವಿದರ್ಭಕ್ಕೆ ಟ್ರೋಫಿ.

ಸಿನಿಮಾ ಆಗಿದ್ದರೆ ಇಲ್ಲಿಗೆ ಶುಭಂ. ಆಟ ಹಾಗಲ್ಲ. 2025ರ ಇಂಗ್ಲೆಂಡ್ ಸರಣಿಯಲ್ಲಿ ಎಂಟು ಇನಿಂಗ್ಸ್‌ಗಳಲ್ಲಿ 205 ರನ್ ಮಾಡಿ, ಓವಲ್‌ನಲ್ಲಿ ಕಷ್ಟದ ಹೊತ್ತಲ್ಲಿ 57 ಹೊಡೆದು, ಅಕ್ಟೋಬರ್‌ನಲ್ಲಿ ವೆಸ್ಟ್ ಇಂಡೀಸ್ ಬಂದಾಗ ಮತ್ತೆ ಹೊರಗುಳಿದರು. ಅದೇ ತಿಂಗಳು ಕರ್ನಾಟಕಕ್ಕೆ ಮರಳಿ ಗೋವಾದ ವಿರುದ್ಧ ಔಟಾಗದೆ 174. ಅವರ ಮುಂದಿನ ದಾರಿ ಯಾರಿಗೂ ಗೊತ್ತಿಲ್ಲ. ಆದರೂ ಆಡಲು ಪಂದ್ಯಗಳಿವೆ.

ನಮ್ಮ ಮುನವಳ್ಳಿ ಕಡೆಯ ಹುಡುಗನಿಗೆ ಎಷ್ಟು ಪಂದ್ಯಗಳಿವೆ? ಶಾಲಾ ಕ್ರೀಡಾಕೂಟದ ಏಣಿ ಎಲ್ಲರಿಗೂ ಗೊತ್ತು: ವಲಯ, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ. ತಾಲ್ಲೂಕಿನಲ್ಲಿ ಒಂದು ಕುಸ್ತಿ ಸೋತರೆ ಆ ವರ್ಷದ ಏಣಿ ಮುಗಿಯಿತು. ದಸರಾ ಕ್ರೀಡಾಕೂಟವೂ ಹಾಗೆಯೇ. ಆ ದಿನ ಜ್ವರ ಇತ್ತೇ, ಹಿಂದಿನ ರಾತ್ರಿ ಹೊಲಕ್ಕೆ ನೀರು ಹಾಯಿಸಲು ಹೋಗಿದ್ದನೇ ಎಂದು ಕೇಳುವವರಿಲ್ಲ. ನಾಲ್ಕು ಇನಿಂಗ್ಸ್ ನೋಡಿ ಕರುಣ್‌ನನ್ನು ತೂಗಿದ್ದು ತಪ್ಪು ಎನ್ನುವ ನಾವು ಊರ ಹುಡುಗನನ್ನು ಒಂದು ಕುಸ್ತಿಯ ಕೆಲವೇ ನಿಮಿಷಗಳಲ್ಲಿ ತೂಗುತ್ತೇವೆ.

ಏಣಿ ತಪ್ಪಿದವನಿಗೆ ಉಳಿಯುವುದು ಜಾತ್ರೆಯ ಅಖಾಡ. ಅಲ್ಲಿ ನಡೆಯುವುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಕಮಿಟಿಯ ಹಿರಿಯರು ಜೋಡಿ ಕಟ್ಟುತ್ತಾರೆ. ಪೈಲ್ವಾನರು ಅಂಗಿ ಬಿಚ್ಚಿ ಎದುರುಬದುರು ನಿಲ್ಲುತ್ತಾರೆ, ಹಿರಿಯರು ಹೆಗಲು, ತೊಡೆ, ಕುತ್ತಿಗೆ ನೋಡುತ್ತಾರೆ, ‘ಹೋದ ವರ್ಷ ಇವ ಯಾರ ಜೋಡಿ ಹಿಡದಿದ್ದ?’ ಎಂದು ವಿಚಾರಿಸುತ್ತಾರೆ. ಸೋತವನಿಗೆ ಈ ಸಲ ಕೆಳಗಿನ ಜೋಡಿ, ಕೆಳಗಿನ ಜೋಡಿಗೆ ಕಡಿಮೆ ಬಿದಾಗಿ, ಅಂದರೆ ಕುಸ್ತಿಯ ಹಣ. ನ್ಯಾಯವೇ, ಜನ ದುಡ್ಡು ಕೊಟ್ಟು ನೋಡುವುದು ಸಮಬಲದ ಕುಸ್ತಿಯನ್ನು. ಆದರೆ ಆ ಬಿದಾಗಿ ಹೋಗುವುದು ಖುರಾಕಿಗೆ: ಹಾಲು, ಬಾದಾಮಿ, ತುಪ್ಪ, ತತ್ತಿ. ಬಿದಾಗಿ ಇಳಿದರೆ ಖುರಾಕು ಇಳಿಯುತ್ತದೆ, ಖುರಾಕು ಇಳಿದರೆ ಮೈ ಇಳಿಯುತ್ತದೆ, ಮೈ ಇಳಿದವನು ಮುಂದಿನ ಜಾತ್ರೆಯಲ್ಲೂ ಸೋಲುತ್ತಾನೆ. ಡೈರಿಗೆ ಹೋಗಬೇಕಾದ ಹಾಲನ್ನು ಇವನಿಗೆ ಕುಡಿಸುತ್ತಿದ್ದ ಮನೆ ಯೋಚಿಸತೊಡಗುತ್ತದೆ. ಒಂದು ಸಲದ ಸೋಲು ಹೀಗೆ ಖಾಯಂ ಆಗುತ್ತದೆ. ಮನಸ್ಸಿಗೂ ಇದಕ್ಕೂ ಸಂಬಂಧ ಕಡಿಮೆ.

ಎಸ್ಸೆಸ್ಸೆಲ್ಸಿ, ಪಿಯುಸಿ ಬಂದು ಬೀಳುವುದೂ ಇದೇ ವಯಸ್ಸಿನಲ್ಲಿ. ಸೈನ್ಯ ಸೇರುವ ಅಗ್ನಿಪಥ ಯೋಜನೆಯ ಬಾಗಿಲು ತೆರೆಯುವುದೂ ಹದಿನೇಳೂವರೆ ವಯಸ್ಸಿಗೆ. ಬೈಲಹೊಂಗಲ, ಸವದತ್ತಿಯ ರಸ್ತೆಗಳಲ್ಲಿ ನಸುಕಿನಲ್ಲೇ ಓಡುವ ಹುಡುಗರಲ್ಲಿ ನಿನ್ನೆಯ ಪೈಲ್ವಾನರೂ ಇರುತ್ತಾರೆ, 1.6 ಕಿಲೋಮೀಟರನ್ನು ಐದೂವರೆ ನಿಮಿಷದೊಳಗೆ ಮುಗಿಸುವ ಹಟದಲ್ಲಿ. ಇದನ್ನು ಸೋಲು ಎಂದು ನಾನು ಕರೆಯಲಾರೆ. ನೈಋತ್ಯ ರೈಲ್ವೆಯ ಕ್ರೀಡಾ ಕೋಟಾ, ಪೊಲೀಸ್ ಇಲಾಖೆಯ ಕ್ರೀಡಾ ನೇಮಕಾತಿ ಇವೆಲ್ಲ ಪದಕ ಕೇಳುತ್ತವೆ. ಪದಕ ಬರುವ ಮೊದಲಿನ ಎರಡು ಮೂರು ವರ್ಷಕ್ಕೆ ಅನ್ನ ಹಾಕುವವರು ಕಡಿಮೆ. ಕೆಲವರು ಗಡಿ ದಾಟಿ ಕೊಲ್ಹಾಪುರದ ತಾಲೀಮು ಸೇರುತ್ತಾರೆ, ಕೆಲವರಿಗೆ ಧಾರವಾಡದ ಕ್ರೀಡಾ ಪ್ರಾಧಿಕಾರದ ಕೇಂದ್ರ ಸಿಗುತ್ತದೆ. ಅಲ್ಲಿಗೆ ಸೇರಲಿಕ್ಕೂ ಆಯ್ಕೆಯ ದಿನ ಗೆಲ್ಲಬೇಕು.

ಹಾಗಾದರೆ ಅಪ್ಪ ಏನು ಮಾಡಬೇಕು? ಮೊದಲು ಸವದತ್ತಿಯ ಸರ್ಕಾರಿ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿಸಲಿ. ಮಗನ ಎತ್ತರ, ತೂಕ, ನಿದ್ದೆಯನ್ನು ಒಂದು ನೋಟ್‌ಬುಕ್‌ನಲ್ಲಿ ಬರೆದಿಡಲಿ. ಸರಕ್ಕನೆ ಎತ್ತರ ಬೆಳೆದ ಹುಡುಗನ ತೂಕದ ನಡುವೇ ಬದಲಾಗಿರುತ್ತದೆ, ಹಳೆಯ ಪಟ್ಟು ಕೈಗೆ ಬರಲು ತಿಂಗಳುಗಳು ಬೇಕು. ವಸ್ತಾದರು ಬೈಯುವುದನ್ನು ಒಂದು ಋತು ನಿಲ್ಲಿಸಿ, ಹುಡುಗನನ್ನು ಅವನಿಗಿಂತ ಚಿಕ್ಕವರಿಗೆ ಪಟ್ಟು ಹೇಳಿಕೊಡುವ ಕೆಲಸಕ್ಕೆ ಹಚ್ಚಲಿ. ಓದು ಬಿಡಿಸುವುದು ಬೇಡ. ಆಟ ಬಿಡಿಸುವ ತೀರ್ಮಾನವನ್ನು ಸೋತ ವಾರದಲ್ಲಿ ಮಾಡುವುದೂ ಬೇಡ.

ಇದಿಷ್ಟೂ ಒಂದು ಮನೆಯ ಕೈಯಲ್ಲಿರುವುದು. ಖುರಾಕಿನ ಕುಸಿತ ಒಂದು ಮನೆಯ ಕೈಯಲ್ಲಿಲ್ಲ, ಅದನ್ನು ತಡೆಯಬಲ್ಲವರು ಜಾತ್ರಾ ಕಮಿಟಿಯವರು. ಕೊನೆಯ ನಿಕಾಲಿ ಕುಸ್ತಿಗೆ ಹೊರಗಿನಿಂದ ದೊಡ್ಡ ಪೈಲ್ವಾನರನ್ನು ಕರೆಸಿ ದೊಡ್ಡ ಮೊತ್ತ ಕೊಡುವುದು ನಮ್ಮಲ್ಲಿ ಪ್ರತಿಷ್ಠೆ. ಅದರಲ್ಲಿ ಒಂದು ಪಾಲು ತೆಗೆದು, ಊರ ತಾಲೀಮಿನ ಇಪ್ಪತ್ತರ ಒಳಗಿನ ಹುಡುಗರಿಗೆ ಗೆಲುವು ಸೋಲು ನೋಡದೆ ವರ್ಷವಿಡೀ ಖುರಾಕಿಗೆಂದು ಕೊಡಬಹುದು, ಆ ಹುಡುಗರಿಗಾಗಿಯೇ ತಿಂಗಳಿಗೊಂದು ಭಾನುವಾರ ಅಖಾಡ ತೆರೆಯಬಹುದು. ಬಹುಮಾನ ಇಲ್ಲದ, ಹಲಗಿ ಬಾರಿಸದ, ಬರೀ ಆಡಿ ಸೋಲಬಹುದಾದ ಕುಸ್ತಿ ಅದು. ‘ಹೊರಗಿನ ಪೈಲ್ವಾನ ಬರಲಿಲ್ಲಂದ್ರ ಮಂದಿ ಕೂಡೂದಿಲ್ರಿ’ ಎಂದು ಹಿರಿಯರು ಅನ್ನಬಹುದು. ಅದೂ ಖರೆ. ಆದರೆ ಪಾಲು ತೆಗೆಯಿರಿ ಎಂದಷ್ಟೇ ನಾನು ಹೇಳುತ್ತಿರುವುದು, ಹೊರಗಿನವರನ್ನು ಕರೆಸಬೇಡಿ ಎಂದಲ್ಲ. ಎಷ್ಟು ಪಾಲು ಎಂಬುದನ್ನು ಮುಂದಿನ ಜಾತ್ರೆಯ ಪಟ್ಟಿ ಎತ್ತುವ ಮೊದಲು ಕೂತು ಮಾತಾಡಬಹುದು.